ಎಷ್ಟನೇ ನಂಬರಿನ ಕಾಲೇಜು?

ಮಗಳ ಸಿಇಟಿ ಆಪ್ಷನ್ ಎಂಟ್ರಿ ಮಾಡಿಸಲು ಗಂಗಾವತಿಯ ಸೈಬರ್ ಸೆಂಟರಿನಲ್ಲಿ ಕೂತ ಅಪ್ಪ ಕೇಳುವ ಮೊದಲ ಪ್ರಶ್ನೆ: ‘ಈ ಕಾಲೇಜು ಎಷ್ಟನೇ ನಂಬರಿಗೆ ಐತ್ರೀ?’ ಈ ಪ್ರಶ್ನೆಯನ್ನು ಕಂಡು ನಗುವವರ ಜೊತೆ ನಾನಿಲ್ಲ. ರೈಸ್‌ಮಿಲ್ ಮಾಲೀಕರ ಮಗನಿಗೆ ಬೆಂಗಳೂರಿನಲ್ಲಿ ಮಾವನೋ ಅಣ್ಣನೋ ಇರುತ್ತಾನೆ. ಎಲ್ಲಿ ಪಾಠ ನಡೆಯುತ್ತದೆ, ಎಲ್ಲಿ ಬರೀ ಕಟ್ಟಡವಿದೆ ಎಂಬುದು ಒಂದು ಫೋನಿನಲ್ಲಿ ಗೊತ್ತಾಗುತ್ತದೆ. ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವಳಿಗೆ ಅಂಥವರಿಲ್ಲ. ಅವಳ ಪಾಲಿಗೆ ರ್‍ಯಾಂಕ್ ಪಟ್ಟಿಯೇ ಓದು ಬಲ್ಲ ಸೋದರಮಾವ. ಆದರೆ ಈ ಮಾವ ಯಾರ ಕಡೆಯವನು?

ಕೇಂದ್ರ ಸರ್ಕಾರದ ರ್‍ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್ 2015ರಲ್ಲಿ ರೂಪುಗೊಂಡು 2016ರಲ್ಲಿ ಮೊದಲ ಪಟ್ಟಿ ಹೊರಡಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ಅದು ಕೊಡುವ ನೂರು ಅಂಕಗಳಲ್ಲಿ 30 ಸಂಶೋಧನೆಗೆ, 10 ಹೊರಗಿನವರು ಆ ಕಾಲೇಜಿನ ಬಗ್ಗೆ ಇಟ್ಟುಕೊಂಡ ಅಭಿಪ್ರಾಯಕ್ಕೆ. ಕೂಡಿಸಿದ ಲೆಕ್ಕ ಸರಿಯೇ ಇರಬಹುದು. ಯಾವುದಕ್ಕೆ ಎಷ್ಟು ಎಂಬುದು ಮಾತ್ರ ಲೆಕ್ಕವಲ್ಲ, ಯಾರೋ ಮಾಡಿದ ತೀರ್ಮಾನ. ಕುಷ್ಟಗಿಯ ಹುಡುಗಿಗೆ ಬೇಕಾದದ್ದು ಪ್ರಾಧ್ಯಾಪಕರ ಪೇಟೆಂಟಲ್ಲ, ಅರ್ಥವಾಗದ ಗಣಿತವನ್ನು ಇನ್ನೊಮ್ಮೆ ಹೇಳಿಕೊಡುವ ಮೇಷ್ಟ್ರು. ಬೇರೆ ರಾಜ್ಯದವರು ಓದುತ್ತಿದ್ದರೆ ಕಾಲೇಜಿಗೆ ಅಂಕ ಸಿಗುತ್ತದೆ. ಸುತ್ತಲ ಹಳ್ಳಿಗಳ ಮಕ್ಕಳಿಗಾಗಿಯೇ ಇರುವ ಯಲಬುರ್ಗಾದಂಥ ಊರಿನ ಕಾಲೇಜು ತನ್ನ ಕೆಲಸ ಮಾಡಿದ್ದಕ್ಕೇ ಅಲ್ಲಿ ಹಿಂದೆ ಬೀಳುತ್ತದೆ. ಮೇಲಾಗಿ ಬಹುಪಾಲು ಅಂಕಿಗಳನ್ನು ಕೊಡುವವರು ಕಾಲೇಜಿನವರೇ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಅಂಕಿಗಳನ್ನು 2022ರಲ್ಲಿ ಅಲ್ಲಿನ ಗಣಿತದ ಪ್ರಾಧ್ಯಾಪಕರೊಬ್ಬರೇ ಕೆದಕಿದರು. ಅಲ್ಲಿನ ರ್‍ಯಾಂಕ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ಅದೇ ವರ್ಷ 18ಕ್ಕೆ ಇಳಿಯಿತು.

ಯಾವ ಪಟ್ಟಿಯಲ್ಲೂ ಇರದ ಸಂಗತಿಗಳೇ ನಮ್ಮಲ್ಲಿ ಎಷ್ಟೋ ಸಲ ಸೀಟು ತೀರ್ಮಾನಿಸುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ಸಂಜೆ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬ ಚಿಂತೆ ತಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದು ಹುಬ್ಬಳ್ಳಿಯ ಕಾಲೇಜುಗಳು ಹತ್ತಿರವಾದವು, ಅವುಗಳ ರ್‍ಯಾಂಕ್ ಏನೂ ಬದಲಾಗದೆ. ಸಂವಿಧಾನದ 371ಜೆ ವಿಧಿ ಇರುವುದರಿಂದ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಇಲ್ಲಿಯವರಿಗೆ 70, ರಾಜ್ಯದ ಉಳಿದೆಡೆ 8 ಶೇಕಡಾ ಮೀಸಲು. ಕೊಪ್ಪಳದ ಗವಿಮಠದಲ್ಲಿ ಊಟ, ವಸತಿ ಸಿಕ್ಕ ಬಡ ಹುಡುಗನಿಗೆ ಕೊಪ್ಪಳದ ಕಾಲೇಜೇ ಒಂದನೇ ನಂಬರು. ಇದನ್ನು ರಾಜಿ ಎನ್ನಲು ನನಗೆ ಮನಸ್ಸಿಲ್ಲ. ದುಡ್ಡು ಸಾಲದೆ ಎರಡನೇ ವರ್ಷಕ್ಕೇ ಓದು ಬಿಡಿಸುವ ಒಳ್ಳೆಯ ಕಾಲೇಜು ಅವನಿಗೆ ಒಳ್ಳೆಯದಾದದ್ದು ಹೇಗೆ?

ಹಾಗಾದರೆ ಪಟ್ಟಿ ದಂಡವೇ? ಅಲ್ಲ, ನೋಡಬೇಕಾದ್ದು ನಂಬರಿನ ಕೆಳಗೆ. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ವಿವರವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಸೇರಿದವರೆಷ್ಟು, ಅವಧಿಯೊಳಗೆ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ನಡುಮಟ್ಟದ ಸಂಬಳವೆಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಬಸ್‌ ಸ್ಟ್ಯಾಂಡಿನ ಫ್ಲೆಕ್ಸು ತೋರಿಸುವುದು ಯಾರೋ ಒಬ್ಬನಿಗೆ ಸಿಕ್ಕ ದೊಡ್ಡ ಪ್ಯಾಕೇಜು. ನಡುಮಟ್ಟದ ಸಂಬಳ ಹೇಳುವುದು ಅವನ ಬೆಂಚಿನ ಉಳಿದವರ ಕಥೆ. ಅಪ್ಪ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಕಾಲೇಜಿನವರ ಜೊತೆ ಮಾತಾಡುವ ದನಿಯೇ ಬೇರೆಯಾಗುತ್ತದೆ.

ತೊಡಕಿರುವುದು ಪಟ್ಟಿಯ ಹೊರಗೆ. ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಎನ್‌ಐಆರ್‌ಎಫ್ ಹೆಸರಿಸುವುದು ಕೆಲವೇ ನೂರನ್ನು. ನಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಉಳಿದವಕ್ಕೆ. ಅಲ್ಲಿ ಕಾಯಂ ಉಪನ್ಯಾಸಕರೆಷ್ಟು, ಅತಿಥಿಗಳೆಷ್ಟು, ಅತಿಥಿಗಳ ನೇಮಕವಾಗುವವರೆಗೆ ಎಷ್ಟು ವಾರ ಪಾಠ ನಿಂತಿರುತ್ತದೆ, ಹಾಸ್ಟೆಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಸೀಟು ಖಾಲಿ? ತಳಕಲ್ಲಿನ ಕೊಪ್ಪಳ ವಿಶ್ವವಿದ್ಯಾಲಯ ತನ್ನ ಸಂಯೋಜಿತ ಕಾಲೇಜುಗಳಿಂದ ಇಷ್ಟನ್ನು ಪಡೆದು, ಯಾರನ್ನೂ ಮೇಲೆ ಕೆಳಗೆ ಮಾಡದೆ, ಪ್ರವೇಶ ಶುರುವಾಗುವ ಮೊದಲೇ ಕನ್ನಡದಲ್ಲಿ ಪ್ರಕಟಿಸಲಿ. ಒಂದು, ಎರಡು, ಮೂರು ಎಂದು ಜೋಡಿಸುವ ಕೆಲಸವನ್ನು ಅಪ್ಪ, ಮಗಳು ಕೂತು ತಾವೇ ಮಾಡಿಕೊಳ್ಳುತ್ತಾರೆ.