ಮಲಗಿದವರ ಸಾಲ

ಸಾಲ ತೀರಿಸಬೇಕು ಎಂಬ ಬಗ್ಗೆ ನಮ್ಮಲ್ಲಿ ಯಾರಿಗೂ ಅನುಮಾನವಿಲ್ಲ. ಅದು ಹಣದ ವಿಷಯವಷ್ಟೇ ಅಲ್ಲ, ಕೊಟ್ಟ ಮಾತಿನ ವಿಷಯ. ಆದರೆ ಆ ಮಾತು ಕೊಡುವಾಗ ಬಾಯಿಬಿಟ್ಟು ಹೇಳದ ಒಂದು ಷರತ್ತು ಇದ್ದೇ ಇರುತ್ತದೆ: ಮೈಯಲ್ಲಿ ಕಸುವಿದ್ದರೆ. ದುಡಿದು ತಿನ್ನುವವರ ಸಾಲಕ್ಕೆಲ್ಲ ನಿಜವಾದ ಅಡಮಾನ ಅವರ ಮೈ. ಆ ಮೈಯೇ ಮಲಗಿದರೆ ಮಾತಿನ ಗತಿ ಏನು?

ನನ್ನ ಸೋದರಮಾವ ಸಾಲ ಮಾಡಿ ಗೂಡ್ಸ್ ಆಟೋ ಕೊಂಡಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆ ದಿನವೂ ಹೋಯಿತು, ಮರುದಿನ ಏಳಲೂ ಆಗುತ್ತಿರಲಿಲ್ಲ. ಚಿಕಿತ್ಸೆಗೆ ಸರ್ಕಾರಿ ಯೋಜನೆ ಇತ್ತು, ದುಡಿಮೆಯಿಲ್ಲದ ದಿನಗಳಿಗೆ ಏನೂ ಇರಲಿಲ್ಲ. ಇಎಸ್‌ಐ ಇರುವ ನೌಕರ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಪಡೆಯಬಹುದು. ತನ್ನ ಗಾಡಿಗೆ ತಾನೇ ಡ್ರೈವರ್ ಆದವನಿಗೆ ಅದು ಇಲ್ಲ. ಅವರ ತಲೆಯ ಮೇಲೆ ಮೂರು ಸಾಲಗಳಿದ್ದವು: ಫೈನಾನ್ಸ್‌ನವರ ಕಂತು, ಅತ್ತೆ ಸಂಘದಲ್ಲಿ ತೆಗೆದ ಸಾಲ, ಪಕ್ಕದ ಮನೆಯ ಹೂವಮ್ಮ ಕೊಟ್ಟ ಐದು ಸಾವಿರದ ಕೈಗಡ. ಒಮ್ಮೆ ಅವರು, “ಬೇರೆಯವರ ದುಡ್ಡಲ್ಲಿ ಮಾತ್ರೆ ನುಂಗ್ತಾ ಇದೀನಿ ಕಣಮ್ಮ” ಎಂದರು.

ಈ ಮಾತು ನಿಜವೇ? ಸಾಲ ಬಾಕಿಯಿರುವಾಗ ಔಷಧಿ ಕೊಳ್ಳುವವನು ಸಾಲ ಕೊಟ್ಟವನ ಹಣವನ್ನೇ ಖರ್ಚು ಮಾಡುತ್ತಿದ್ದಾನೆಯೇ?

ನಮ್ಮ ಕಾನೂನು ಹಾಗೆ ಎಣಿಸಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಾಲಗಾರನ ಮನೆಯವರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ ಇವುಗಳನ್ನು ಜಪ್ತಿ ಮಾಡುವಂತಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೇವಲ ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದರು. ಇದ್ದೂ ಕೊಡದಿರುವುದು ಬೇರೆ, ಇಲ್ಲದೆ ಕೊಡಲಾಗದಿರುವುದು ಬೇರೆ. ‘ಒಲ್ಲೆ’ಗೂ ‘ಆಗದು’ಗೂ ಇರುವ ಈ ವ್ಯತ್ಯಾಸ ಕನ್ನಡ ಬಲ್ಲವರಿಗೆಲ್ಲ ಗೊತ್ತು. ಕಂತಿನ ದಿನ ಬಂದಾಗ ಮಾತ್ರ ಮರೆಯುತ್ತೇವೆ.

ರೋಗಿ ಗುಣವಾದರೆ ತಾನೇ ಸಾಲ ತೀರುವುದು, ಹಾಗಾಗಿ ಔಷಧಿ ಕೊಳ್ಳುವುದು ಸಾಲ ಕೊಟ್ಟವರಿಗೂ ಒಳ್ಳೆಯದು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಇದನ್ನು ಒಪ್ಪಿದರೆ ಗುಣವಾಗದ ಕಾಯಿಲೆಯವರಿಗೆ ಮಾತ್ರೆಯ ಹಕ್ಕೇ ಇಲ್ಲವೆಂದಾಗುತ್ತದೆ. ಕಸುಬುದಾರನ ಉಳಿಯನ್ನು ಮುಟ್ಟಬಾರದು ಎಂದಾದರೆ ಅದನ್ನು ಹಿಡಿಯುವ ಕೈ ಅದಕ್ಕಿಂತ ಮೊದಲು. ಆ ಕೈ ಇನ್ನೆಂದೂ ಉಳಿ ಹಿಡಿಯದಿದ್ದರೂ ಮೊದಲೇ. ಮಾವ ನುಂಗಿದ್ದು ಯಾರ ದುಡ್ಡನ್ನೂ ಅಲ್ಲ.

ಹಾಗೆಂದು ಮೂರು ಸಾಲಗಳೂ ಒಂದೇ ಅಲ್ಲ. ಫೈನಾನ್ಸ್ ಕಂಪನಿಯ ಬಡ್ಡಿಯಲ್ಲಿ ಹಣ ವಾಪಸು ಬಾರದಿರುವ ಅಪಾಯದ ಬೆಲೆಯೂ ಸೇರಿದೆ. ಆ ಬೆಲೆ ಪಡೆದವರು ಅಪಾಯ ಬಂದಾಗ ಪಾಪ ನಡೆದುಹೋಯಿತು ಎನ್ನುವಂತಿಲ್ಲ. ಸಂಘದ ಸಾಲದ್ದು ಕಷ್ಟದ ಲೆಕ್ಕ. ಅಲ್ಲಿ ಒಬ್ಬಾಕೆ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಒಬ್ಬರ ಕಾಯಿಲೆಯ ಹೊರೆ ಅಷ್ಟೇ ಬಡವರಾದ ಅಕ್ಕಪಕ್ಕದವರ ಹೆಗಲಿಗೆ ಬೀಳುತ್ತದೆ. ಇನ್ನು ಹೂವಮ್ಮನ ಐದು ಸಾವಿರಕ್ಕೆ ಬಡ್ಡಿಯಿಲ್ಲ, ಪತ್ರವಿಲ್ಲ. ಆಕೆ ಯಾವ ಅಪಾಯಕ್ಕೂ ಬೆಲೆ ಪಡೆದಿಲ್ಲ. ನ್ಯಾಯವಾಗಿ ನೋಡಿದರೆ ಮಾತ್ರೆ, ಅಕ್ಕಿ ಕಳೆದು ಉಳಿದ ಮೊದಲ ನೂರು ರೂಪಾಯಿ ಸಲ್ಲಬೇಕಾದದ್ದು ಆಕೆಗೆ, ಮುಂದಿನದು ಸಂಘದವರಿಗೆ, ಕೊನೆಗೆ ಕಂಪನಿಗೆ.

ನಡೆಯುವುದು ತದ್ವಿರುದ್ಧ. ಬಾಗಿಲಲ್ಲಿ ನಿಂತು ಕೂಗಾಡುವವನಿಗೆ ಮೊದಲು ಕೊಡುತ್ತೇವೆ, ಕೇಳದೆ ಸುಮ್ಮನಿರುವವಳಿಗೆ ಕೊನೆಗೆ. ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ನಮ್ಮಲ್ಲಿ ಮರ್ಯಾದೆಯ ಭಯ ತೀರ್ಮಾನಿಸುತ್ತದೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಕಿರುಸಾಲದ ಕಿರುಕುಳದ ವಿರುದ್ಧ ಕರ್ನಾಟಕ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಇವು ಕೂಗನ್ನು ತಗ್ಗಿಸಬಹುದು, ಸಾಲವನ್ನಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವರ್ಷಕ್ಕೆ 60,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ, 35,000 ರೂಪಾಯಿಯೊಳಗಿನ ಸಾಲದ ಬಡವರು ಹೊಸದಾಗಿ ಬದುಕು ಆರಂಭಿಸಲು ಒಂದು ದಾರಿ ಬರೆದಿಟ್ಟಿದ್ದಾರೆ. ಅದೇ ಸಂಹಿತೆಯಲ್ಲಿ ಕಂಪನಿಗಳ ದೊಡ್ಡ ಬಾಕಿಗಳು ಕರಗುತ್ತಿವೆ. ಬಡವರ ದಾರಿ ಇನ್ನೂ ಜಾರಿಗೆ ಬಂದಿಲ್ಲ.

ಹಾಗಾದರೆ ಮಲಗಿದವರು ಏನನ್ನೂ ಕೊಡಬೇಕಿಲ್ಲವೇ? ಒಂದನ್ನು ಕೊಡಬೇಕು ಅನ್ನಿಸುತ್ತದೆ: ಇರುವ ವಿಷಯ. ‘ಈಗ ಆಗುತ್ತಿಲ್ಲ, ಇಷ್ಟು ಆಗಬಹುದು’ ಎಂದು ಹೇಳುವುದೂ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಬಗೆಯೇ. ಕಂಪನಿಗೆ ಡಾಕ್ಟರ ಚೀಟಿ ಇಟ್ಟು ಒಂದು ಅರ್ಜಿ ಸಾಕು. ಸಂಘದವರಿಗೆ ಸಭೆಯಲ್ಲಿ ಹೇಳಬೇಕು. ಹೂವಮ್ಮನಿಗೆ ಮಾತ್ರ ಕಾಗದ ಸಲ್ಲದು. ಆಕೆಯ ಮನೆಗೇ ಹೋಗಿ, ಕೂತು ಹೇಳಬೇಕು. ನಡೆಯಲಾಗದವರ ಪರವಾಗಿ ಮನೆಯವರು ಯಾರಾದರೂ ಹೋಗಬೇಕು.