ಆಪ್ತವಾಕ್ಯವೂ ಅನಾಮಧೇಯ ಸುದ್ದಿಯೂ

ಪರರ ಮಾತು ಯಾವಾಗ ಪ್ರಮಾಣವಾಗುತ್ತದೆಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಮಥಿಸಿದ್ದಾರೆ. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದೂ, ಅಂಥವನು ಋಷಿಯಾಗಲಿ ಮ್ಲೇಚ್ಛನಾಗಲಿ ಭೇದವಿಲ್ಲವೆಂದೂ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ಜ್ಞಾನವು ಸ್ವತಃ ಪ್ರಮಾಣವೆಂದು ವಾದಿಸಿದ ಕುಮಾರಿಲಭಟ್ಟನೂ ಸಹ, ಬಾಧಕಜ್ಞಾನವು ಉದಿಸಿದರೆ ಅಥವಾ ಕಾರಣದಲ್ಲಿಯೇ ದೋಷವು ಕಂಡುಬಂದರೆ ಆ ಪ್ರಾಮಾಣ್ಯವು ನಿಲ್ಲದೆಂದು ಒಪ್ಪಿದನು. ಹೀಗಿರಲು, ಹೇಳಿದವನಾರು, ಕಂಡವನಾರು ಎಂಬುದೊಂದೂ ತಿಳಿಯದೆ ಮೊಬೈಲಿನಿಂದ ಮೊಬೈಲಿಗೆ ಫಾರ್ವರ್ಡ್ ಆಗಿ ಬರುವ ವಾಟ್ಸಾಪ್ ಸುದ್ದಿಗೆ ಯಾವ ದರ್ಶನದಲ್ಲಿ ಆಶ್ರಯ? ಮಕ್ಕಳ ಕಳ್ಳರು ಬಂದರೆಂಬ ಅಂಥ ಸುದ್ದಿಯನ್ನೇ ನಂಬಿ, 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಗುಂಪೊಂದು ಹೈದರಾಬಾದಿನ ತರುಣ ಇಂಜಿನಿಯರೊಬ್ಬನನ್ನು ಬಡಿದು ಕೊಂದಿತು.

ಮಾತಿನ ಮೂಲವನ್ನು ಒರೆಗೆ ಹಚ್ಚುವ ಈ ಪರೀಕ್ಷೆಯನ್ನು ಕಲಿಸಲು ಬೆಳಗಾವಿಯ ಅಧ್ಯಾಪಕರು ದೂರ ಹೋಗಬೇಕಾಗಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಕಾಲದ ಪಲಾಶಿಕೆ. ಕಾಕುತ್ಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತುದನ್ನು ಹೇಳುವ ತಾಮ್ರಪಟವೂ ಅದರ ಜೊತೆಯವೂ ದೊರೆತ ಊರು. ಅವನ್ನು 19ನೆಯ ಶತಮಾನದಲ್ಲಿ ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟರೇ ಮುಂದೆ ಕೂಟಶಾಸನಗಳನ್ನು, ಎಂದರೆ ನಕಲಿ ಶಾಸನಗಳನ್ನು, ಹೆಕ್ಕಿ ತೆಗೆದರು. ತಾಮ್ರ ಹಳೆಯದೆಂದ ಮಾತ್ರಕ್ಕೆ ಮಾತು ಹಳೆಯದಲ್ಲ. ಅಕ್ಷರದ ತಿರುವು ಹೇಳಿಕೊಂಡ ಅರಸನಿಗಿಂತ ಈಚಿನದೇ, ತಿಥಿಗೂ ವಾರಕ್ಕೂ ಗಣಿತದಲ್ಲಿ ಹೊಂದಿಕೆಯುಂಟೇ, ವಂಶಾವಳಿಯನ್ನು ಬೇರೆ ಶಾಸನಗಳು ಒಪ್ಪುತ್ತವೆಯೇ ಎಂದು ಒಂದೊಂದಾಗಿ ಕೇಳಿದ ಮೇಲೆಯೇ ತೀರ್ಪು. ಮಹಾಭಾರತದ ಜನಮೇಜಯನೇ ಕೊಟ್ಟನೆಂದು ಹೇಳಿಕೊಳ್ಳುವ ಮಲೆನಾಡಿನ ತಾಮ್ರಪಟಗಳು ಈ ಒರೆಗೆ ನಿಲ್ಲದೆ ಹೋದುವು. ಭೂಮಿಯನ್ನು ಅಪಹರಿಸಿದವನಿಗೆ ಅರವತ್ತು ಸಹಸ್ರ ವರ್ಷ ನರಕವೆಂಬ ಶಾಪವಾದರೋ ನಿಜಶಾಸನದಲ್ಲಿಯೂ ಉಂಟು, ಕೂಟಶಾಸನದಲ್ಲಿಯೂ ಉಂಟು. ಹತ್ತು ಮಂದಿಗೆ ಕಳುಹಿಸದಿದ್ದರೆ ಕೇಡು ತಪ್ಪದೆಂದು ಹೆದರಿಸುವ ಇಂದಿನ ಸಂದೇಶಗಳು ಆ ಶಾಪದ ಬಡ ಸಂತಾನವೆನ್ನಬೇಕು.

ಎಲ್ಲವನ್ನೂ ಶಂಕಿಸುವ ಹುಡುಗನು ಎಲ್ಲವನ್ನೂ ನಂಬುವವನಷ್ಟೇ ನಿರುಪಾಯನು. ಸುಳ್ಳುಗಾರನಿಗೆ ಇಬ್ಬರೂ ಒಂದೇ. ಆದುದರಿಂದ ಕಲಿಸಬೇಕಾದುದು ಸಂಶಯವನ್ನಲ್ಲ, ಆಪ್ತನನ್ನು ಹುಡುಕುವ ಶ್ರಮವನ್ನು. ಕನ್ನಡ ಮರಾಠಿಗಳೆರಡನ್ನೂ ಓದಬಲ್ಲ ಇಲ್ಲಿನ ವಿದ್ಯಾರ್ಥಿಗೆ ಈ ಕಾರ್ಯದಲ್ಲಿ ವಿಶೇಷ ಅನುಕೂಲವುಂಟು: ಗಡಿಯ ಗಲಾಟೆಯ ಒಂದು ಸುದ್ದಿಯನ್ನು ಎರಡು ಭಾಷೆಗಳ ಪತ್ರಿಕೆಗಳಲ್ಲಿಯೂ ತೆರೆದು, ಎರಡೂ ಒಪ್ಪುವ ಅಂಶವೆಷ್ಟು, ಒಂದೇ ಹೇಳುವ ಅಂಶವೆಷ್ಟು ಎಂದು ಅವನು ತಾನೇ ಗೆರೆಯೆಳೆಯಬಲ್ಲನು. ಶಾಲೆಗಳ ಮುಖ್ಯೋಪಾಧ್ಯಾಯರು ವಾರಕ್ಕೊಂದು ಅವಧಿಯನ್ನು ಇದಕ್ಕೆಂದು ಬಿಟ್ಟುಕೊಡಬೇಕು, ವರ್ಷಕ್ಕೊಮ್ಮೆ ಮಕ್ಕಳನ್ನು ಹಲಸಿಗೆ ಕರೆದೊಯ್ಯಬೇಕು ಎಂದು ನನ್ನ ವಿನಂತಿ.