ಪ್ರಸಾದಿಯ ಅವಧಾನವೂ ಕುಲಾಂತರಿ ಬೀಜವೂ

ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಈ ಸ್ಥಲಕ್ಕೆ ಹೇಳಲ್ಪಟ್ಟ ಭಕ್ತಿಯು ಅವಧಾನಭಕ್ತಿ. ಶ್ರದ್ಧೆಯಿಂದ ಭಕ್ತನಾಗಿ, ನಿಷ್ಠೆಯಿಂದ ಮಾಹೇಶ್ವರನಾದ ಸಾಧಕನು ಮೂರನೆಯ ಸೋಪಾನವನ್ನೇರುವಾಗ ಅವನಲ್ಲಿ ನೆಲೆಗೊಳ್ಳಬೇಕಾದ ಗುಣವೇ ಅವಧಾನ. ಅವಧಾನವೆಂದರೆ ಎಚ್ಚರ. ತನ್ನ ಬಳಿಗೆ ಬಂದ ಪದಾರ್ಥವು ಎಲ್ಲಿಂದ ಬಂದಿತು, ಯಾರ ಬೆವರಿನಿಂದ ಬಂದಿತು, ಯಾವ ಜೀವವನ್ನು ನೋಯಿಸಿ ಬಂದಿತು, ಇಷ್ಟಲಿಂಗಕ್ಕೆ ಅರ್ಪಿಸಲು ಅದು ಯೋಗ್ಯವೋ ಅಯೋಗ್ಯವೋ ಎಂದು ವಿಚಾರಿಸಿ, ಅರ್ಪಿಸಿ, ಅನಂತರ ಪ್ರಸಾದಭಾವದಿಂದ ಸ್ವೀಕರಿಸುವವನೇ ಪ್ರಸಾದಿ. ಹಸಿದಾಗ ಉಣ್ಣುವುದು ಸಕಲ ಪ್ರಾಣಿಗಳಿಗೂ ಸಾಮಾನ್ಯ. ಅರಿತು ಅರ್ಪಿಸಿ ಉಣ್ಣುವುದು ಭಕ್ತನಿಗೆ ಮಾತ್ರ ಸಾಧ್ಯವಾದ ಸಂಸ್ಕಾರ.

ವೀರಶೈವ ಗೃಹಸ್ಥರ ಮನೆಗಳಲ್ಲಿ ನಿರಾಮಿಷ ಭೋಜನವು ತಲೆತಲಾಂತರದಿಂದ ನಡೆದುಬಂದ ಆಚಾರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಯಜ್ಞದ ಪಶುವಧೆಯನ್ನೂ ಕ್ಷುದ್ರದೈವಗಳ ಬಲಿಯನ್ನೂ ನಿರಾಕರಿಸಿ, ದಯೆಯನ್ನು ಧರ್ಮದ ತಳಹದಿಯನ್ನಾಗಿ ಮಾಡಿದರು. ಈ ಆಚಾರವು ಇಂದಿಗೂ ಉಳಿದಿರುವುದು ಸಂತೋಷದ ವಿಷಯ. ಆದರೆ ಮಾಂಸವನ್ನು ಮುಟ್ಟದಿದ್ದ ಮಾತ್ರಕ್ಕೆ ಪ್ರಸಾದಧರ್ಮವು ಪೂರ್ಣವಾಯಿತೆಂದು ತಿಳಿಯುವ ಭ್ರಮೆಯೂ ಅದರ ಜೊತೆಯಲ್ಲಿಯೇ ಬೆಳೆದಿದೆ. ತೂಕದಲ್ಲಿ ಮೋಸಮಾಡಿ ತಂದ ಜೋಳವೂ ನಿರಾಮಿಷವೇ. ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಂಡು ಕೊಂಡ ತುಪ್ಪವೂ ನಿರಾಮಿಷವೇ. ಅವೆರಡೂ ಲಿಂಗಾರ್ಪಿತಕ್ಕೆ ಸಲ್ಲವೆಂಬುದೇ ಪಂಚಾಚಾರಗಳಲ್ಲಿ ಒಂದಾದ ಸದಾಚಾರದ ನಿರ್ಣಯ.

ಈ ಹಿನ್ನೆಲೆಯಲ್ಲಿ ಇಂದಿನ ಗೃಹಸ್ಥರ ಮುಂದೆ ಒಂದು ಹೊಸ ಸಂದೇಹವು ಬಂದು ನಿಂತಿದೆ. ಒಂದು ಜೀವಿಯಲ್ಲಿರುವ ಗುಣವಾಹಕವಾದ ಅಂಶವನ್ನು, ಅರ್ಥಾತ್ ವಂಶವಾಹಿಯನ್ನು, ತೆಗೆದು ಬೇರೆ ಕುಲದ ಜೀವಿಯಲ್ಲಿ ಸೇರಿಸಿ ಹೊಸ ತಳಿಯನ್ನು ಮಾಡುವ ವಿದ್ಯೆಯು ಬೆಳೆದಿದೆ. ಇಂಥ ತಳಿಗಳಿಗೆ ಕುಲಾಂತರಿ ತಳಿಗಳೆಂದು ಹೆಸರು. ಇವುಗಳಿಂದ ಬಂದ ಆಹಾರವು ಸಸ್ಯಾಹಾರವೆನಿಸೀತೇ? ಅದನ್ನು ಲಿಂಗಕ್ಕೆ ಅರ್ಪಿಸಬಹುದೇ? ಈ ಪ್ರಶ್ನೆಯನ್ನು ಕೇಳುವವರನ್ನು ಹಳಬರೆಂದು ನಗುವುದು ಉಚಿತವಲ್ಲ. ಪ್ರಶ್ನೆಯು ಅವಧಾನದಿಂದಲೇ ಹುಟ್ಟಿದೆ; ಉತ್ತರವೂ ಅವಧಾನದಿಂದಲೇ ಬರಬೇಕು.

ಪ್ರಶ್ನೆಯು ದೂರದೇಶದ್ದೂ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಖಾಸಗಿ ಬೀಜಸಂಸ್ಥೆಯೊಂದರ ಸಹಯೋಗದಲ್ಲಿ ಮಾಲಾಪುರ, ಕುಡಚಿ, ರಬಕವಿ ಮೊದಲಾದ ಊರಹೆಸರಿನ ಬದನೆಯ ತಳಿಗಳಲ್ಲಿಯೂ, ಮಂಜರಿ ಗೋಟಾ ಮತ್ತು ಉಡುಪಿಯ ಗುಳ್ಳದಲ್ಲಿಯೂ ಈ ವಿದ್ಯೆಯನ್ನು ಪ್ರಯೋಗಿಸಿತು. ಜೋಳದ ರೊಟ್ಟಿಯೊಡನೆ ಎಣ್ಣೆಗಾಯಿಯಾಗಿ ನಿತ್ಯವೂ ಎಡೆಗೆ ಬರುವ ಮುಳಗಾಯಿಯೇ ಇದು. ಮಣ್ಣಿನಲ್ಲಿ ಸಹಜವಾಗಿರುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯನ್ನು ಅದರಲ್ಲಿ ಸೇರಿಸಿದರೆ, ಗಿಡವೇ ಒಂದು ವಿಷದ್ರವ್ಯವನ್ನು ಉತ್ಪಾದಿಸಿ, ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳುವನ್ನು ಕೊಲ್ಲುತ್ತದೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಪರಿಶೀಲನಾ ಸಮಿತಿಯು ಈ ಬಿ.ಟಿ. ಬದನೆಗೆ ಒಪ್ಪಿಗೆಯನ್ನಿತ್ತಿತು. ಅನಂತರ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಪ್ರಜಾಭಿಪ್ರಾಯವನ್ನು ಕೇಳಲಾಯಿತು. 2010ರ ಫೆಬ್ರುವರಿ 9ರಂದು ಅಂದಿನ ಪರಿಸರ ಸಚಿವರಾದ ಜೈರಾಮ್ ರಮೇಶ್ ಅವರು ಅದನ್ನು ತಡೆಹಿಡಿದರು. ವಿಜ್ಞಾನಿಗಳಲ್ಲಿ ಏಕಮತವಿಲ್ಲ, ರಾಜ್ಯ ಸರ್ಕಾರಗಳ ವಿರೋಧವಿದೆ, ಬದನೆಯ ತಳಿವೈವಿಧ್ಯಕ್ಕೆ ಭಾರತವೇ ತವರು, ಅವಸರಪಡುವ ಕಾರಣವಿಲ್ಲ ಎಂಬುವು ಅವರು ಕೊಟ್ಟ ಕಾರಣಗಳು. ನೆರೆಯ ಬಾಂಗ್ಲಾದೇಶವು 2013ರಲ್ಲಿ ಅದಕ್ಕೆ ಅನುಮತಿಯನ್ನು ಕೊಟ್ಟಿತು. ಅಲ್ಲಿ ಔಷಧ ಸಿಂಪಡಿಸುವುದು ಕಡಿಮೆಯಾಯಿತೆಂದು ಅಧ್ಯಯನಗಳು ಹೇಳಿವೆ.

ಮೊದಲನೆಯ ಆಕ್ಷೇಪವು ಹೀಗಿದೆ: ಸೂಕ್ಷ್ಮಾಣುವೂ ಜೀವಿಯೇ; ಅದರ ಅಂಶವು ಕಾಯಿಪಲ್ಯದಲ್ಲಿ ಸೇರಿದರೆ ಅದು ಆಮಿಷವಾಗದೇ? ಈ ಆಕ್ಷೇಪವು ನಿಲ್ಲುವುದಿಲ್ಲ. ಮನೆಮನೆಯ ಮೊಸರಿನಲ್ಲಿ ಅಸಂಖ್ಯಾತ ಸೂಕ್ಷ್ಮಾಣುಗಳಿವೆ. ಅವುಗಳಿಲ್ಲದೆ ಹಾಲು ಮೊಸರಾಗುವುದೇ ಇಲ್ಲ. ಮೊಸರನ್ನು ಅರ್ಪಿಸುವ ಭಕ್ತನು ಬದನೆಯಲ್ಲಿನ ಒಂದು ವಂಶವಾಹಿಯನ್ನು ಮಾಂಸವೆಂದು ಕರೆಯಲಾರ. ಮೀನಿನ ವಂಶವಾಹಿಯನ್ನು ಟೊಮೆಟೊದಲ್ಲಿ ಸೇರಿಸಿದ್ದಾರೆಂಬ ಮಾತೂ ಜನರಲ್ಲಿ ಹರಡಿದೆ. ಚಳಿಸಮುದ್ರದ ಮೀನಿನ ಹಿಮನಿರೋಧಕ ಗುಣವನ್ನು ಟೊಮೆಟೊಗೆ ತರುವ ಪ್ರಯೋಗವೊಂದು 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದದ್ದು ನಿಜ. ಆದರೆ ಅಂಥ ಟೊಮೆಟೊ ಎಂದೂ ಮಾರುಕಟ್ಟೆಗೆ ಬರಲಿಲ್ಲ. ಇಲ್ಲದುದಕ್ಕೆ ಅಂಜುವುದು ಅವಧಾನವೆನಿಸದು.

ಇದೇ ವಿದ್ಯೆಯ ಮತ್ತೊಂದು ಮುಖವನ್ನೂ ಸಸ್ಯಾಹಾರಿಯು ಕಾಣಬೇಕು. ಪಾಶ್ಚಾತ್ಯರ ಗಿಣ್ಣು, ಅಂದರೆ ಚೀಸ್ ಎಂಬ ಪದಾರ್ಥವು, ಇಂದು ಪಟ್ಟಣಗಳ ಲಿಂಗವಂತರ ಮನೆಗಳಿಗೂ ಬಂದಿದೆ. ಅದಕ್ಕೆ ಹಾಲನ್ನು ಹೆಪ್ಪುಗಟ್ಟಿಸುವ ದ್ರವ್ಯವನ್ನು ಪೂರ್ವಕಾಲದಲ್ಲಿ ಕೊಂದ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಆ ದ್ರವ್ಯವನ್ನು ಉಂಟುಮಾಡುವ ಕರುವಿನ ವಂಶವಾಹಿಯನ್ನು ಸೂಕ್ಷ್ಮಜೀವಿಗಳಲ್ಲಿ ಸೇರಿಸಿ, ಅವುಗಳಿಂದಲೇ ಅದನ್ನು ಪಡೆಯುವ ಕ್ರಮಕ್ಕೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಳೆಯ ಕ್ರಮದ ಚೀಸ್‌ನಲ್ಲಿ ಕುಲಾಂತರಿಯ ಸ್ಪರ್ಶವಿಲ್ಲ, ಆದರೆ ಕರುವಿನ ಪ್ರಾಣವಿದೆ. ಹೊಸ ಕ್ರಮದಲ್ಲಿ ಕುಲಾಂತರಿಯಿದೆ, ಕರುವು ಬದುಕಿದೆ. ಇವೆರಡರಲ್ಲಿ ಯಾವುದು ದಯೆಗೆ ಹತ್ತಿರವೆಂಬುದನ್ನು ಭಕ್ತರೇ ವಿವೇಚಿಸಬಹುದು. ಮುಟ್ಟು ಮೈಲಿಗೆಗಳ ಲೆಕ್ಕವನ್ನು ಶರಣರು ಹಿಂದೆಯೇ ಅಳಿಸಿದರು. ಅವರು ಉಳಿಸಿದ ಲೆಕ್ಕವು ಜೀವದ ನೋವಿನದು.

ಎರಡನೆಯ ಆಕ್ಷೇಪವು ಆರೋಗ್ಯಕ್ಕೆ ಸಂಬಂಧಿಸಿದ್ದು. ಹುಳುವನ್ನು ಕೊಲ್ಲುವ ಕಾಯಿಯು ಮನುಷ್ಯನನ್ನು ಬಿಟ್ಟೀತೇ ಎಂಬ ಅಂಜಿಕೆಯು ಸಹಜ. ಆ ವಿಷದ್ರವ್ಯವು ಹುಳುವಿನ ಕರುಳಿನ ಕ್ಷಾರಗುಣದಲ್ಲಿ ಚುರುಕಾಗಿ, ಅಲ್ಲಿರುವ ವಿಶಿಷ್ಟ ಗ್ರಾಹಕಗಳಿಗೆ ಅಂಟಿ ಕೆಲಸಮಾಡುತ್ತದೆ. ಮನುಷ್ಯನ ಜಠರವು ಆಮ್ಲಗುಣವುಳ್ಳದ್ದು, ಆ ಗ್ರಾಹಕಗಳೂ ಅವನಲ್ಲಿಲ್ಲ. ಲೋಕದ ಮಾರುಕಟ್ಟೆಯಲ್ಲಿರುವ ಇಂಥ ಆಹಾರಗಳು ಪರೀಕ್ಷೆಗೊಳಪಟ್ಟಿವೆ, ಅವುಗಳಿಂದ ಆರೋಗ್ಯಕ್ಕೆ ಕೇಡಾಗುವ ಸಂಭವವಿಲ್ಲ, ಆದರೂ ಎಲ್ಲವನ್ನೂ ಒಟ್ಟಾಗಿ ಒಳ್ಳೆಯದೆನ್ನಬಾರದು, ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಭಕ್ತನು ಈ ಮಾತಿನ ಎರಡು ಭಾಗಗಳನ್ನೂ ಹಿಡಿಯತಕ್ಕದ್ದು. ಪರೀಕ್ಷೆಯನ್ನು ಬಯಸುವುದು ಭಯವೂ ಅಲ್ಲ, ವಿಜ್ಞಾನದ್ವೇಷವೂ ಅಲ್ಲ.

ಹಾಗಾದರೆ ಶಂಕೆಗೆ ಎಡೆಯೇ ಇಲ್ಲವೇ? ಇದೆ, ಅದು ಎಡೆಗಿಂತ ಹೆಚ್ಚಾಗಿ ಹೊಲದಲ್ಲಿದೆ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳನ್ನೆಲ್ಲ ಬಹುಮಟ್ಟಿಗೆ ಅದೇ ಆವರಿಸಿತು. ಅದರ ಕಾಳಿನಿಂದ ತೆಗೆದ ಎಣ್ಣೆಯು ಅಡುಗೆಗೆ ಸೇರುತ್ತದೆ. ಹಿಂಡಿಯನ್ನು ಆಕಳು ಎಮ್ಮೆಗಳು ತಿನ್ನುತ್ತವೆ. ಅದರ ವಂಶವಾಹಿಯು ದನದ ಉದರದಲ್ಲಿ ಇತರ ಮೇವಿನಂತೆಯೇ ಜೀರ್ಣವಾಗುವುದರಿಂದ ಹಾಲಿಗೆ ದೋಷವಿಲ್ಲ. ಆದರೆ ಕುಲಾಂತರಿಯಿಂದ ತಾನು ಸಂಪೂರ್ಣವಾಗಿ ದೂರವಿರುವೆನೆಂದು ಹೇಳಿಕೊಳ್ಳುವ ಗೃಹಸ್ಥನ ಮನೆಯಲ್ಲಿಯೂ ಅದು ಹೀಗೆ ಕಾಣದಂತೆ ಬಂದಿದೆ. ಮೊದಮೊದಲು ಕಾಯಿಕೊರಕದ ಬಾಧೆ ತಗ್ಗಿ ರೈತರು ಹರ್ಷಿಸಿದರು. ಬರಬರುತ್ತ ಗುಲಾಬಿ ಕಾಯಿಕೊರಕವು ಆ ವಿಷವನ್ನು ತಾಳಿಕೊಳ್ಳುವುದನ್ನು ಕಲಿಯಿತು. 2006ರಲ್ಲಿಯೇ ಎರಡು ವಂಶವಾಹಿಗಳುಳ್ಳ ಹತ್ತಿಯು ಬಂದಿದ್ದಿತು. ಹುಳುವು ಕೆಲವು ವರ್ಷಗಳಲ್ಲಿ ಅದನ್ನೂ ಗೆದ್ದಿತು. ಇತ್ತ ಧಾರವಾಡ ಸೀಮೆಯ ಕಪ್ಪುಮಣ್ಣಿನ ಜಯಧರದಂಥ ಜವಾರಿ ಹತ್ತಿಗಳು ಹಿಂದೆ ಸರಿದವು. ಹೊಸ ಹತ್ತಿಯು ಬಹುಪಾಲು ಸಂಕರಬೀಜವಾದುದರಿಂದ ರೈತನು ತನ್ನ ಬೆಳೆಯ ಕಾಳನ್ನು ಮರುವರ್ಷ ಬಿತ್ತಿ ಅದೇ ಫಲವನ್ನು ಪಡೆಯಲಾರ; ಪ್ರತಿವರ್ಷವೂ ಅಂಗಡಿಯ ಮುಂದೆ ನಿಲ್ಲಬೇಕು. ಬೀಜವನ್ನು ಕೊಡುತ್ತಿದ್ದ ಕೈ ಬೀಜಕ್ಕಾಗಿ ಚಾಚುವ ಕೈಯಾಯಿತು.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯು ದಾರಿದೀಪವಾಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮದಾಸೋಹವನ್ನು ನಡೆಸುವುದು ಲಕ್ಕಮ್ಮನ ನೇಮ. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಅದೇ ಅಂಗಳದ ಅದೇ ಅಕ್ಕಿ. ಆದರೂ ಆ ಮಹಾಸತಿಯು ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ. ಅದನ್ನು ತಂದ ಮನಸ್ಸಿನಲ್ಲಿ ಆಸೆಯು ಸುಳಿದಿತ್ತು. ಲಕ್ಕಮ್ಮನ ಅವಧಾನವು ಅದನ್ನು ಕಂಡಿತು.

ಕುಲಾಂತರಿ ಬೀಜದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆಯನ್ನು ಲಕ್ಕಮ್ಮನಿಂದಲೇ ಕಲಿಯಬೇಕು. ಈ ಕಾಳನ್ನು ಹುಟ್ಟಿಸಿದ್ದು ಹಸಿವೆಯ ಮರುಕವೋ, ಲಾಭದ ಆಸೆಯೋ? ಇದರಿಂದ ಸಿಂಪರಣೆ ತಗ್ಗಿ, ಔಷಧ ಹೊಡೆಯುವ ಕೂಲಿಯವನ ಉಸಿರೂ ಜೇನುಹುಳುವಿನ ಪ್ರಾಣವೂ ಉಳಿದರೆ, ಅದು ದಯೆಯ ಪಕ್ಷಕ್ಕೆ ಸಲ್ಲುವ ಮಾತು. ಅದನ್ನು ಒಪ್ಪಿಕೊಳ್ಳಲು ಹಿಂಜರಿಯಬಾರದು. ಇದರಿಂದ ರೈತನ ಕಾಯಕವು ಪರಾಧೀನವಾಗಿ, ರಬಕವಿ ಕುಡಚಿಗಳ ತಳಿಗಳು ಅಳಿದು, ಎಲ್ಲ ಹೊಲಗಳಲ್ಲಿಯೂ ಒಂದೇ ಬೀಜವು ಉಳಿಯುವುದಾದರೆ, ಅದು ದಾಸೋಹಕ್ಕೆ ವಿರುದ್ಧ. ಪಡೆದುದನ್ನು ತನ್ನದೆನ್ನದೆ ಸಮಾಜಕ್ಕೆ ಸಲ್ಲಿಸುವುದೇ ದಾಸೋಹ. ಬೀಜಕ್ಕಿಂತ ಹಳೆಯದಾದ ದಾಸೋಹದ್ರವ್ಯವು ಬೇರೊಂದಿಲ್ಲ. ಒಬ್ಬನ ಹೊಲದ ಮುಷ್ಟಿಬೀಜವು ಹತ್ತು ಮನೆಗಳ ಹೊಲವಾಗುತ್ತಿತ್ತು. ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತನ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವೂ ಮಾನ್ಯಮಾಡಿದೆ. ಕಾನೂನು ಕೊಟ್ಟ ಹಕ್ಕನ್ನು ಬಳಸದೆ ಬಿಟ್ಟರೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ಆದುದರಿಂದ ಗೃಹಸ್ಥರು ಆಚರಿಸಬಹುದಾದ ಕೆಲವು ಮಾತುಗಳಿವೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಒಳಗಿರುವುದು ನಿರಾಮಿಷವೆಂಬುದನ್ನಷ್ಟೇ ಹೇಳುತ್ತದೆ. ಬೀಜದ ಕುಲವನ್ನಾಗಲಿ, ಕಾಯಕದ ಶುದ್ಧಿಯನ್ನಾಗಲಿ ಹೇಳುವುದಿಲ್ಲ. ಹಸಿರು ಚುಕ್ಕೆಯನ್ನು ಕಂಡ ಕೂಡಲೇ ವಿಚಾರವನ್ನು ನಿಲ್ಲಿಸಬಾರದು. ಸಂತೆಯಲ್ಲಿ ಕಾಯಿಪಲ್ಯವನ್ನು ಕೊಳ್ಳುವಾಗ ಬೆಳೆದವನನ್ನು ವಿಚಾರಿಸಬೇಕು. ಜವಾರಿ ಕಾಯಿಗೆ ಎರಡು ಕಾಸು ಹೆಚ್ಚಾದರೆ ಕೊಡಬೇಕು. ಜವಾರಿ ತಳಿಯು ಉಳಿಯಲೆಂದು ಭಾಷಣಮಾಡಿ, ಬೆಲೆಯಲ್ಲಿ ಚೌಕಾಶಿಮಾಡಿ ಅಗ್ಗದ ಕಾಯಿಯನ್ನೇ ಕೊಳ್ಳುವವನು ಆ ತಳಿಯನ್ನು ತಾನೇ ಅಳಿಸುತ್ತಾನೆ. ಹೊಸ ಬೀಜವನ್ನು ಬಿತ್ತಿದ ರೈತನನ್ನು ಪಾಪಿಯೆನ್ನುವುದೂ ತರವಲ್ಲ. ಸಾಲದ ಭಾರದಲ್ಲಿ, ಹುಳುವಿನ ಕಾಟದಲ್ಲಿ, ಇರುವ ಒಂದೆರಡು ಎಕರೆಯನ್ನು ಉಳಿಸಿಕೊಳ್ಳಲು ಅವನು ಮಾಡಿದ ನಿರ್ಧಾರವನ್ನು ಪಟ್ಟಣದ ಊಟದ ಮೇಜಿನಿಂದ ಅಳೆಯಲಾಗದು. ನೇಗಿಲ ಕಾಯಕದ ಒಕ್ಕಲಿಗ ಮುದ್ದಣ್ಣನೂ ಶರಣಗಣದಲ್ಲಿ ಒಬ್ಬನೆಂಬುದನ್ನು ಮರೆಯಬಾರದು.

ಹೊಲವುಳ್ಳವರು ಒಂದು ಸಾಲನ್ನಾದರೂ ಮನೆಬೀಜಕ್ಕೆ ಮೀಸಲಿಡಲಿ. ಹಣ್ಣಾದ ಮುಳಗಾಯಿಯಿಂದ ಬೀಜವನ್ನು ತೆಗೆದು, ತೊಳೆದು, ಒಲೆಯ ಬೂದಿಯಲ್ಲಿ ಹೊರಳಿಸಿ ಒಣಗಿಸಿಡುವ ಕ್ರಮವು ಹಿರಿಯ ತಾಯಂದಿರಿಗೆ ತಿಳಿದಿದೆ. ಆ ವಿದ್ಯೆಯು ಅವರೊಡನೆಯೇ ಹೋಗದಂತೆ ಸೊಸೆಯಂದಿರೂ ಮೊಮ್ಮಕ್ಕಳೂ ಕಲಿತುಕೊಳ್ಳಲಿ. ಹಣೆಗೆ ವಿಭೂತಿಯನ್ನು ಧರಿಸುವವರಿಗೆ ಬೀಜವನ್ನು ಬೂದಿಯಲ್ಲಿ ಕಾಯುವ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಗೀ ಹುಣ್ಣಿಮೆಯಲ್ಲಿ, ಎಳ್ಳಮಾವಾಸ್ಯೆಯಲ್ಲಿ ರೊಟ್ಟಿ ಪಲ್ಯಗಳ ಚರಗವನ್ನು ಹೊಲದ ತುಂಬ ಚೆಲ್ಲುವಾಗ ಹಕ್ಕಿಗೂ ಹುಳುವಿಗೂ ಪಾಲು ಸಲ್ಲುತ್ತದೆ. ಆ ಚರಗದಲ್ಲಿ ಬೀಳುವ ಪಲ್ಯವು ಅದೇ ನೆಲದ ಬೀಜದಿಂದ ಬಂದುದಾದರೆ ಅರ್ಪಣವು ಪೂರ್ಣವಾಗುತ್ತದೆ.

ಇನ್ನೂ ಹೊಸ ಹೊಸ ಬೀಜಗಳು ಬರುತ್ತವೆ. ಕುಲಾಂತರಿ ಸಾಸಿವೆಯ ವಿಷಯದಲ್ಲಿ 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನಮತವನ್ನು ತಾಳಿದರು. ಬಲ್ಲವರಲ್ಲಿಯೇ ಮತಭೇದವಿರುವಾಗ ಗೃಹಸ್ಥನು ಒಂದೇ ಮಾತಿನಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಿ ಮುಗಿಸಲಾರನು. ಆದರೆ ಎಡೆಯ ಮುಂದೆ ಕುಳಿತು, ಅಂಗೈಯ ಇಷ್ಟಲಿಂಗವನ್ನು ದಿಟ್ಟಿಸಿ, ಇದು ಯಾರ ಕಾಯಕ, ಇದರಲ್ಲಿ ಯಾರ ನೋವು, ಇದರಲ್ಲಿ ಯಾರಿಗೆ ಪಾಲು ಎಂದು ಕ್ಷಣಕಾಲ ವಿಚಾರಿಸುವುದು ಯಾವ ನ್ಯಾಯಾಲಯದ ತೀರ್ಪಿಗೂ ಕಾಯಬೇಕಾಗಿಲ್ಲ. ಹಾಗೆ ವಿಚಾರಿಸಿ ಅರ್ಪಿಸಿದ ಒಂದು ತುತ್ತು ಜೋಳದ ರೊಟ್ಟಿಯೂ ಪ್ರಸಾದವಾಗುತ್ತದೆ. ವಿಚಾರಿಸದೆ ಉಂಡ ಪಂಚಭಕ್ಷ್ಯವೂ ಬರಿಯ ಪದಾರ್ಥವಾಗಿಯೇ ಉಳಿಯುತ್ತದೆ. ಲಕ್ಕಮ್ಮನ ಅವಧಾನವು ಮನೆಮನೆಯ ಒಲೆಯ ಮುಂದೆ ಬೆಳಗಲಿ. ಸರ್ವರಿಗೂ ಶಿವಪ್ರಸಾದವು ಲಭಿಸಲಿ.

ಇತಿ ಶಿವಂ.